‘ಇನ್ಸುಲಿನ್ ಜೀನ್ ಪತ್ತೆ’ ಸರಿ, ಆದರೆ ಯಾವ ಇಲಿಯಲ್ಲಿ?

ಸಕ್ಕರೆ ಕಾಯಿಲೆಯ ಸಂಶೋಧನೆ ಬಗ್ಗೆ ಎರಡು ಥರದ ಸುದ್ದಿ ಈಗ ಜೊತೆಜೊತೆಗೇ ಬರುತ್ತಿವೆ. ಒಂದು ಕಡೆ, ಇನ್ಸುಲಿನ್ ಸ್ರವಿಸುವುದನ್ನು ಹತೋಟಿಯಲ್ಲಿಡುವ ಹೊಸ ಜೀನ್ ಇಲಿಯಲ್ಲಿ ಸಿಕ್ಕಿತು ಅನ್ನುವ ಸುದ್ದಿ. ಇನ್ನೊಂದು ಕಡೆ, ಪ್ರಾಣಿಗಳ ಮೇಲಿನ ಪ್ರಯೋಗ ಮನುಷ್ಯರಿಗೆ ಹೊಂದುವುದಿಲ್ಲ, ಕಡಿಮೆ ಮಾಡಿ ಅನ್ನುವ ಸುದ್ದಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಏಪ್ರಿಲ್‌ನಲ್ಲಿ, ಮೊನೊಕ್ಲೋನಲ್ ಆ್ಯಂಟಿಬಾಡಿ (ಲ್ಯಾಬ್‌ನಲ್ಲಿ ತಯಾರಿಸುವ ಪ್ರತಿಕಾಯ) ಮುಂತಾದ ಔಷಧಗಳಿಗೆ ಪ್ರಾಣಿ ಪರೀಕ್ಷೆಯ ಕಡ್ಡಾಯವನ್ನು ಹಂತ ಹಂತವಾಗಿ ಕೈಬಿಡುವ ಯೋಜನೆ ಪ್ರಕಟಿಸಿತು. ಅದೇ ತಿಂಗಳು ಅಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಕೂಡ ಮನುಷ್ಯರ ಜೀವಕೋಶ ಮತ್ತು ಕಂಪ್ಯೂಟರ್ ಮಾದರಿಗಳನ್ನು ನೆಚ್ಚಿದ ಸಂಶೋಧನೆಗೆ ಆದ್ಯತೆ ಕೊಡುವುದಾಗಿ ಹೇಳಿತು.

ಎರಡನ್ನೂ ಓದಿದವರಿಗೆ ಗೊಂದಲ ಆಗುವುದು ಸಹಜ. ಇಲಿಯಲ್ಲಿ ಸಿಕ್ಕ ಜೀನ್ ಮನುಷ್ಯರ ಲೆಕ್ಕಕ್ಕೆ ಬರುತ್ತದೋ ಇಲ್ಲವೋ? ಒಂದೇ ಜೀನಿನ ಬಗ್ಗೆ ಒಂದು ಲ್ಯಾಬ್ ಹೌದು ಅಂದರೆ ಇನ್ನೊಂದು ಇಲ್ಲ ಅನ್ನುವುದು ಯಾಕೆ? ಉತ್ತರದ ದೊಡ್ಡ ಪಾಲು, ಸುದ್ದಿಗಳಲ್ಲಿ ಬಿಟ್ಟುಹೋಗುವ ಒಂದು ವಿವರದಲ್ಲಿದೆ. ಲ್ಯಾಬ್ ಇಲಿಗಳಲ್ಲಿ ನೂರಾರು ತಳಿಗಳಿವೆ. ತಳಿ ಬದಲಾದರೆ ಅದೇ ಜೀನ್ ಮಾಡುವ ಪರಿಣಾಮವೂ ಬದಲಾಗುತ್ತದೆ.

## ಬೀಟಾ ಕೋಶದ ಒಳಗೆ

ಮೊದಲು ಇನ್ಸುಲಿನ್ ಹೊರಬರುವ ದಾರಿ ನೋಡೋಣ. ಪ್ಯಾಂಕ್ರಿಯಾಸ್‌ನಲ್ಲಿ ಅಲ್ಲಲ್ಲಿ ಚದುರಿಕೊಂಡಿರುವ ಪುಟ್ಟ ಜೀವಕೋಶಗಳ ಗುಂಪುಗಳಿಗೆ ಐಲೆಟ್ ಎನ್ನುತ್ತಾರೆ. ಇನ್ಸುಲಿನ್ ಮಾಡುವ ಬೀಟಾ ಕೋಶಗಳು ಇರುವುದು ಇವುಗಳಲ್ಲೇ.

ರಕ್ತದಲ್ಲಿ ಸಕ್ಕರೆ ಏರಿದಾಗ ಗ್ಲುಕೋಸ್ ಬೀಟಾ ಕೋಶದೊಳಗೆ ಹೋಗುತ್ತದೆ. ಗ್ಲುಕೊಕೈನೇಸ್ ಅನ್ನುವ ಕಿಣ್ವ ಅದನ್ನು ಹಿಡಿದು ಮುಂದಕ್ಕೆ ಸಾಗಿಸುತ್ತದೆ. ಮೈಟೊಕಾಂಡ್ರಿಯಾ ಅದರಿಂದ ಎಟಿಪಿ, ಅಂದರೆ ಕೋಶದ ಇಂಧನ, ತಯಾರಿಸುತ್ತದೆ. ಎಟಿಪಿ ಜಾಸ್ತಿಯಾದರೆ ಕೋಶದ ಪೊರೆಯಲ್ಲಿರುವ ಕೆ-ಎಟಿಪಿ ಚಾನೆಲ್ ಅನ್ನುವ ಬಾಗಿಲು ಮುಚ್ಚಿಕೊಳ್ಳುತ್ತದೆ. ಆಗ ಪೊಟ್ಯಾಶಿಯಂ ಹೊರಹೋಗುವುದು ನಿಲ್ಲುತ್ತದೆ, ಪೊರೆಯ ವಿದ್ಯುತ್ ಸ್ಥಿತಿ ಬದಲಾಗುತ್ತದೆ, ಕ್ಯಾಲ್ಶಿಯಂ ಒಳಗೆ ನುಗ್ಗುತ್ತದೆ. ಕ್ಯಾಲ್ಶಿಯಂ ಬಂದ ಕೂಡಲೇ ಇನ್ಸುಲಿನ್ ತುಂಬಿದ ಚೀಲಗಳು ಪೊರೆಗೆ ಅಂಟಿಕೊಂಡು ತಮ್ಮಲ್ಲಿದ್ದದ್ದನ್ನು ಹೊರಗೆ ಸುರಿಯುತ್ತವೆ.

ಈ ಒಂದೊಂದು ಹೆಜ್ಜೆಗೂ ಹಲವು ಪ್ರೋಟೀನ್ ಬೇಕು, ಪ್ರತಿ ಪ್ರೋಟೀನಿಗೂ ಒಂದು ಜೀನ್. ಯಾವುದೋ ಒಂದು ಹೆಜ್ಜೆ ಸ್ವಲ್ಪ ನಿಧಾನವಾದರೂ ಇನ್ಸುಲಿನ್ ಕಡಿಮೆ ಆಗಬಹುದು. ಹಾಗೆಯೇ, ಒಂದು ಹೆಜ್ಜೆಯ ಕೊರತೆಯನ್ನು ಇನ್ನೊಂದು ತುಂಬಿಕೊಡಲೂಬಹುದು. ತಳಿಯಿಂದ ತಳಿಗೆ ಫಲಿತಾಂಶ ಬೇರೆಯಾಗಲು ಇದೇ ಮೂಲ ಕಾರಣ.

ಇಲಿ ಮತ್ತು ಮನುಷ್ಯರಲ್ಲಿ ಈ ದಾರಿ ಬಹುಪಾಲು ಒಂದೇ. ಆದರೆ ಪೂರ್ತಿ ಒಂದೇ ಅಲ್ಲ. ಮನುಷ್ಯರಿಗೆ ಒಂದು ಇನ್ಸುಲಿನ್ ಜೀನ್ ಇದ್ದರೆ ಇಲಿಗೆ ಎರಡು. ಗ್ಲುಕೋಸನ್ನು ಒಳಗೆ ಬಿಟ್ಟುಕೊಳ್ಳುವ ಕೆಲಸ ಇಲಿಯ ಬೀಟಾ ಕೋಶದಲ್ಲಿ ಮುಖ್ಯವಾಗಿ ಗ್ಲುಟ್2 ಪ್ರೋಟೀನಿನದು, ಮನುಷ್ಯರಲ್ಲಿ ಗ್ಲುಟ್1ರ ಪಾಲು ದೊಡ್ಡದು. ಇಲಿಯ ಐಲೆಟ್‌ನಲ್ಲಿ ಬೀಟಾ ಕೋಶಗಳು ನಡುವೆ ಒತ್ತೊತ್ತಾಗಿದ್ದು ಬೇರೆ ಕೋಶಗಳು ಅಂಚಿನಲ್ಲಿರುತ್ತವೆ. ಮನುಷ್ಯರಲ್ಲಿ ಎಲ್ಲ ಬೆರೆತಿರುತ್ತವೆ.

## ಅಳೆಯುವುದರಲ್ಲೇ ಅರ್ಧ ತಕರಾರು

‘ಈ ಇಲಿಯಲ್ಲಿ ಇನ್ಸುಲಿನ್ ಕಡಿಮೆ ಸ್ರವಿಸುತ್ತದೆ’ ಎಂದು ಹೇಳುವುದು ಸುಲಭ. ಅದನ್ನು ತೋರಿಸುವುದು ಅಷ್ಟು ಸುಲಭವಲ್ಲ.

ಸಾಮಾನ್ಯವಾಗಿ ಮಾಡುವುದು ಗ್ಲುಕೋಸ್ ಟಾಲರೆನ್ಸ್ ಟೆಸ್ಟ್. ಇಲಿಯನ್ನು ಕೆಲವು ಗಂಟೆ ಉಪವಾಸ ಇಟ್ಟು, ಹೊಟ್ಟೆಯೊಳಗೆ ಗ್ಲುಕೋಸ್ ಚುಚ್ಚುತ್ತಾರೆ. ಬಾಲದ ತುದಿಯಿಂದ 15, 30, 60, 120 ನಿಮಿಷಕ್ಕೆ ಒಂದೊಂದು ಹನಿ ರಕ್ತ ತೆಗೆದು ಸಕ್ಕರೆ ನೋಡುತ್ತಾರೆ. 25 ಗ್ರಾಂ ತೂಗುವ ಇಲಿಯ ಮೈಯಲ್ಲಿರುವ ಒಟ್ಟು ರಕ್ತವೇ 2 ಮಿಲಿಲೀಟರ್ ಮೀರುವುದಿಲ್ಲ. ಸಕ್ಕರೆ ನೋಡಲು ಒಂದು ಹನಿ ಸಾಕು, ಇನ್ಸುಲಿನ್ ಅಳೆಯಲು ಅದಕ್ಕಿಂತ ಜಾಸ್ತಿ ಬೇಕು. ಹಾಗಾಗಿ ಎಷ್ಟೋ ಅಧ್ಯಯನಗಳಲ್ಲಿ ಸಕ್ಕರೆಯ ಅಂಕಿ ತುಂಬ ಇರುತ್ತದೆ, ಇನ್ಸುಲಿನ್ನಿನದು ಕೈಬೆರಳೆಣಿಕೆಯಷ್ಟು.

ಇನ್ನೊಂದು ತೊಡಕೂ ಇದೆ. ಸಕ್ಕರೆ ಏರಿತು ಅಂದ ಮಾತ್ರಕ್ಕೆ ಇನ್ಸುಲಿನ್ ಕಡಿಮೆ ಅಂತ ಅಲ್ಲ. ಇನ್ಸುಲಿನ್ ಬೇಕಾದಷ್ಟಿದ್ದು, ಸ್ನಾಯು ಮತ್ತು ಲಿವರ್ ಅದರ ಮಾತು ಕೇಳದೇ ಇರಬಹುದು. ಅಥವಾ ಸ್ರವಿಸಿದ್ದನ್ನು ಲಿವರ್ ಬೇಗ ಬೇಗ ತೆಗೆದುಹಾಕುತ್ತಿರಬಹುದು. ಬೀಟಾ ಕೋಶದ ತಪ್ಪೋ ಅಲ್ಲವೋ ಎಂದು ಖಚಿತ ಮಾಡಿಕೊಳ್ಳಲು ಐಲೆಟ್‌ಗಳನ್ನೇ ಹೊರತೆಗೆದು ನೋಡಬೇಕು.

ಅದು ನಾಜೂಕಿನ ಕೆಲಸ. ಪಿತ್ತನಾಳದ ಮೂಲಕ ಕೊಲಾಜಿನೇಸ್ ಕಿಣ್ವವನ್ನು ತುಂಬಿದಾಗ ಪ್ಯಾಂಕ್ರಿಯಾಸ್ ಉಬ್ಬುತ್ತದೆ. ಅದನ್ನು ಬೆಚ್ಚಗಿಟ್ಟರೆ ಸುತ್ತಲಿನ ಅಂಗಾಂಶ ಕರಗಿ ಐಲೆಟ್‌ಗಳು ಬಿಡಿಬಿಡಿಯಾಗುತ್ತವೆ. ಸೂಕ್ಷ್ಮದರ್ಶಕದ ಕೆಳಗೆ ಅವನ್ನು ಪಿಪೆಟ್‌ನಿಂದ ಒಂದೊಂದಾಗಿ ಆರಿಸುತ್ತಾರೆ. ಆಮೇಲೆ ಕಡಿಮೆ ಗ್ಲುಕೋಸ್ ಇರುವ ದ್ರವದಲ್ಲಿ ಸ್ವಲ್ಪ ಹೊತ್ತು, ಜಾಸ್ತಿ ಗ್ಲುಕೋಸ್ ಇರುವ ದ್ರವದಲ್ಲಿ ಸ್ವಲ್ಪ ಹೊತ್ತು ಇಟ್ಟು, ಪ್ರತಿ ಸಲ ಎಷ್ಟು ಇನ್ಸುಲಿನ್ ಹೊರಬಂತು ಎಂದು ಅಳೆಯುತ್ತಾರೆ. ಕಿಣ್ವ ಒಂದೆರಡು ನಿಮಿಷ ಜಾಸ್ತಿ ಕೆಲಸ ಮಾಡಿದರೂ ಐಲೆಟ್‌ಗೆ ಪೆಟ್ಟು ಬೀಳುತ್ತದೆ. ಎರಡು ಲ್ಯಾಬ್‌ಗಳ ಅಂಕಿ ಹೊಂದದಿರುವುದಕ್ಕೆ ಕೆಲವೊಮ್ಮೆ ಕಾರಣ ಇಷ್ಟೇ.

## ಒಂದೇ ಜೀನ್, ಎರಡು ಹಣೆಬರಹ

ಈಗ ತಳಿಯ ವಿಷಯ. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ 1929ರಲ್ಲಿ ಶುರುವಾದ ಜಾಕ್ಸನ್ ಲ್ಯಾಬೊರೇಟರಿ ಇಲಿ ತಳಿಗಳಿಗೆ ಹೆಸರುವಾಸಿ. 1949ರಲ್ಲಿ ಅಲ್ಲಿ ಅತಿ ದಪ್ಪ ಇಲಿಗಳು ಕಾಣಿಸಿಕೊಂಡವು. ಅವುಗಳ ಮೈಯಲ್ಲಿ ಒಂದು ಜೀನ್ ಕೆಟ್ಟಿತ್ತು, ಅದಕ್ಕೆ ‘ಓಬಿ’ ಎಂದು ಹೆಸರಿಟ್ಟರು. ಆ ಜೀನ್ ಮಾಡುವುದು ಹಸಿವನ್ನು ತಗ್ಗಿಸುವ ಲೆಪ್ಟಿನ್ ಹಾರ್ಮೋನ್ ಎಂದು ಗೊತ್ತಾಗಿದ್ದು 1994ರಲ್ಲಿ, ಜೆಫ್ರಿ ಫ್ರೀಡ್‌ಮನ್ ತಂಡದಿಂದ.

ಅಲ್ಲಿಯೇ ಕೆಲಸ ಮಾಡುತ್ತಿದ್ದ ಡಗ್ಲಸ್ ಕೋಲ್ಮನ್ 1970ರ ದಶಕದಲ್ಲಿ ಒಂದು ಸರಳವಾದ ಪ್ರಶ್ನೆ ಕೇಳಿದರು. ಇದೇ ಕೆಟ್ಟ ಜೀನನ್ನು ಬೇರೆ ತಳಿಗೆ ಸೇರಿಸಿದರೆ ಏನಾಗುತ್ತದೆ? ಸಿ57ಬಿಎಲ್/6ಜೆ ತಳಿಯಲ್ಲಿ, ಅಂದರೆ ಎಲ್ಲರೂ ಬಿ6 ಎಂದು ಕರೆಯುವ ತಳಿಯಲ್ಲಿ, ಇಲಿ ದಪ್ಪಗಾಯಿತು, ಸಕ್ಕರೆ ಕೆಲವು ಕಾಲ ಏರಿ ಆಮೇಲೆ ಇಳಿಯಿತು. ಐಲೆಟ್‌ಗಳು ಭಾರಿ ಗಾತ್ರಕ್ಕೆ ಬೆಳೆದು ಬೇಕಾದಷ್ಟು ಇನ್ಸುಲಿನ್ ಕೊಟ್ಟವು. ಸಿ57ಬಿಎಲ್‌ಕೆಎಸ್ ತಳಿಯಲ್ಲಿ ಅದೇ ಜೀನ್ ಬೇರೆಯದೇ ಕಥೆ ಬರೆಯಿತು. ಐಲೆಟ್‌ಗಳು ಸ್ವಲ್ಪ ಕಾಲ ದುಡಿದು ಸೋತವು, ಬೀಟಾ ಕೋಶಗಳು ನಶಿಸಿದವು, ಸಕ್ಕರೆ ಕಾಯಿಲೆ ಉಲ್ಬಣಿಸಿ ಇಲಿಗಳು ಬೇಗ ಸತ್ತವು.

ಎರಡರಲ್ಲೂ ಕೆಟ್ಟಿರುವ ಜೀನ್ ಒಂದೇ, ಬೊಜ್ಜೂ ಇದೆ. ವ್ಯತ್ಯಾಸ ಇರುವುದು ಉಳಿದ ಜೀನುಗಳಲ್ಲಿ. ಬೊಜ್ಜು ಬೀಟಾ ಕೋಶದ ಮೇಲೆ ಹೊರೆ ಹಾಕುತ್ತದೆ. ಆ ಹೊರೆಯನ್ನು ತಾಳಿಕೊಳ್ಳುವ ಶಕ್ತಿಯನ್ನು ನಿರ್ಧರಿಸುವುದು ಬೇರೆ ಜೀನುಗಳು. ಮನುಷ್ಯರಲ್ಲೂ ಹೀಗೇ ಅಲ್ವಾ? ದಪ್ಪಗಿರುವ ಎಲ್ಲರಿಗೂ ಶುಗರ್ ಬರುವುದಿಲ್ಲ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಅಲನ್ ಆ್ಯಟಿ ಅವರ ತಂಡ ಈ ‘ಬೇರೆ ಜೀನುಗಳ’ ಬೆನ್ನುಹತ್ತಿತು. ಬಿಟಿಬಿಆರ್ ಅನ್ನುವ ತಳಿಯಲ್ಲಿ ಓಬಿ ಜೀನ್ ಕೆಟ್ಟರೆ ತೀವ್ರ ಸಕ್ಕರೆ ಕಾಯಿಲೆ ಬರುತ್ತದೆ. ಬಿ6 ಮತ್ತು ಬಿಟಿಬಿಆರ್ ತಳಿಗಳನ್ನು ಕೂಡಿಸಿ, ಪೀಳಿಗೆಗಳ ಮೇಲೆ ಪೀಳಿಗೆ ಬೆಳೆಸಿ, ಜೀನುಗಳನ್ನು ಹೊತ್ತ ಎಳೆಗಳಲ್ಲಿ ಒಂದಾದ ಕ್ರೋಮೊಸೋಮ್ 16ರ ಒಂದು ತುಣುಕಿನವರೆಗೆ ಜಾಡು ಹಿಡಿದರು. ಆ ತುಣುಕಿನಲ್ಲಿ ಪ್ರೋಟೀನನ್ನು ಬದಲಿಸುವಂಥ ಒಂದೇ ಒಂದು ಡಿಎನ್‌ಎ ಅಕ್ಷರದ ವ್ಯತ್ಯಾಸ ಇತ್ತು, ಅದೂ ಟೊಮೊಸಿನ್-2 ಅನ್ನುವ ಜೀನಿನಲ್ಲಿ. ಇನ್ಸುಲಿನ್ ಚೀಲಗಳು ಪೊರೆಗೆ ಅಂಟುವುದನ್ನು ತಡೆಯುವ ಪ್ರೋಟೀನ್ ಅದು. ಬಿ6ನಲ್ಲಿ ಈ ಪ್ರೋಟೀನ್ ಬೇಗ ಕರಗಿಹೋಗುತ್ತದೆ. ಬಿಟಿಬಿಆರ್‌ನಲ್ಲಿ ಹೆಚ್ಚು ಕಾಲ ಉಳಿದು ಇನ್ಸುಲಿನ್‌ಗೆ ಅಡ್ಡ ನಿಲ್ಲುತ್ತದೆ. 2011ರಲ್ಲಿ ಪ್ರಕಟವಾದ ಈ ಕೆಲಸವನ್ನು ನೋಡಿದರೆ, ‘ತಳಿಯ ಪ್ರಭಾವ’ ಎಂದು ಸುಮ್ನೆ ಬದಿಗಿಡುವ ಮಾತಿನ ಹಿಂದೆ ಎಷ್ಟು ಖಚಿತವಾದ ಕಾರಣ ಅಡಗಿರಬಹುದು ಎಂದು ತಿಳಿಯುತ್ತದೆ.

## ಎಲ್ಲರೂ ಬಳಸುವ ಇಲಿಯಲ್ಲೇ ಒಂದು ದೋಷ

ಸಕ್ಕರೆ ಕಾಯಿಲೆಯ ಪ್ರಯೋಗಗಳಲ್ಲಿ ಅತಿ ಹೆಚ್ಚು ಬಳಕೆಯಾಗುವುದು ಬಿ6. ಕೊಬ್ಬು ಜಾಸ್ತಿ ಇರುವ ಆಹಾರ ಕೊಟ್ಟರೆ ಅದು ಬೇಗ ದಪ್ಪಗಾಗುತ್ತದೆ, ಸಕ್ಕರೆಯೂ ಏರುತ್ತದೆ. ಜಾಕ್ಸನ್ ಲ್ಯಾಬ್‌ನಿಂದ ಈ ತಳಿಯ ಇಲಿಗಳು 1951ರಲ್ಲಿ ಎನ್‌ಐಎಚ್‌ಗೆ ಹೋದವು. ಅಲ್ಲಿಂದ ಎರಡು ಶಾಖೆ ಬೆಳೆದವು. ಜಾಕ್ಸನ್‌ನಲ್ಲಿ ಉಳಿದದ್ದು ‘ಜೆ’, ಎನ್‌ಐಎಚ್‌ನದು ‘ಎನ್’. ನೋಡಲು ಎರಡೂ ಒಂದೇ ಕಪ್ಪು ಇಲಿ.

2005ರಲ್ಲಿ ಬ್ರಿಟನ್ನಿನ ಸಂಶೋಧಕರು ‘ಜೆ’ ಶಾಖೆಯಲ್ಲಿ ಎನ್‌ಎನ್‌ಟಿ ಅನ್ನುವ ಜೀನಿನ ಒಂದು ದೊಡ್ಡ ತುಂಡೇ ಇಲ್ಲ ಎಂದು ಕಂಡುಕೊಂಡರು. ‘ಎನ್’ ಶಾಖೆಯಲ್ಲಿ ಆ ಜೀನ್ ಸರಿಯಾಗಿದೆ. ಈ ಜೀನಿನ ಪ್ರೋಟೀನ್ ಮೈಟೊಕಾಂಡ್ರಿಯಾದ ಪೊರೆಯಲ್ಲಿದ್ದು, ಇಂಧನ ಮಾಡುವಾಗ ಹುಟ್ಟುವ ಹಾನಿಕರ ಆಮ್ಲಜನಕ ಕಣಗಳನ್ನು ತಣಿಸಲು ನೆರವಾಗುತ್ತದೆ. ಅದಿಲ್ಲದಿದ್ದರೆ ಆ ಕಣಗಳು ಹೆಚ್ಚುತ್ತವೆ, ಎಟಿಪಿ ಕಡಿಮೆಯಾಗುತ್ತದೆ, ಚಾನೆಲ್ ಸರಿಯಾಗಿ ಮುಚ್ಚುವುದಿಲ್ಲ, ಇನ್ಸುಲಿನ್ ತಗ್ಗುತ್ತದೆ ಎನ್ನುವುದು ಅವರ ವಿವರಣೆ. ಸರಿಯಾದ ಎನ್‌ಎನ್‌ಟಿ ಜೀನನ್ನು ‘ಜೆ’ ಇಲಿಗೆ ವಾಪಸ್ ಹಾಕಿದಾಗ ಇನ್ಸುಲಿನ್ ಸುಧಾರಿಸಿತು ಎಂದು 2006ರಲ್ಲಿ ತೋರಿಸಿದರು.

ವಿಷಯ ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. 2010ರಲ್ಲಿ ಇನ್ನೊಂದು ತಂಡ, ಈ ತುಂಡು ಇಲ್ಲದ್ದರಿಂದ ಇನ್ಸುಲಿನ್ ಸ್ರಾವದ ಮೇಲೆ ಪರಿಣಾಮವೇ ಇಲ್ಲ ಎಂದು ವರದಿ ಮಾಡಿತು. ಮನುಷ್ಯರಲ್ಲಿ ಎನ್‌ಎನ್‌ಟಿ ಕೆಟ್ಟಾಗ ಆಗುವುದನ್ನು 2012ರಲ್ಲಿ ಗುರುತಿಸಿದರು. ಅಲ್ಲಿ ಎದ್ದು ಕಂಡದ್ದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ತೊಂದರೆ, ಸಕ್ಕರೆ ಕಾಯಿಲೆಯಲ್ಲ.

ಈ ಜಗಳದಲ್ಲಿ ಯಾರು ಸರಿ ಅನ್ನುವುದಕ್ಕಿಂತ ದೊಡ್ಡ ಸಮಸ್ಯೆ ಬೇರೆ ಇದೆ. ಎಷ್ಟೋ ಸಂಶೋಧನಾ ಲೇಖನಗಳಲ್ಲಿ ‘ಸಿ57ಬಿಎಲ್/6 ಇಲಿ ಬಳಸಿದ್ದೇವೆ’ ಎಂದಷ್ಟೇ ಬರೆದಿರುತ್ತದೆ, ಜೆ ಅಥವಾ ಎನ್ ಅನ್ನುವ ಕೊನೆಯ ಅಕ್ಷರ ಇರುವುದಿಲ್ಲ. ಜೀನ್ ಕೆಡಿಸಿದ ಇಲಿ ‘ಎನ್’ ಮೂಲದ್ದು, ಹೋಲಿಕೆಗೆ ಕೊಂಡುತಂದ ಇಲಿ ‘ಜೆ’ ಮೂಲದ್ದು ಆಗಿದ್ದರೆ ಏನಾಗುತ್ತದೆ? ಕಂಡ ವ್ಯತ್ಯಾಸ ಕೆಡಿಸಿದ ಜೀನಿನಿಂದ ಬಂತೋ, ಶಾಖೆಗಳ ಅಂತರದಿಂದ ಬಂತೋ ಹೇಳಲಾಗುವುದಿಲ್ಲ.

## ಉಪಕರಣವೇ ಆಟ ಕೆಡಿಸಿದಾಗ

ಒಂದು ಜೀನನ್ನು ಇಡೀ ಮೈಯಲ್ಲಿ ಅಲ್ಲದೆ ಬೀಟಾ ಕೋಶದಲ್ಲಿ ಮಾತ್ರ ತೆಗೆದುಹಾಕಲು ‘ಕ್ರೀ’ ಅನ್ನುವ ಕತ್ತರಿ ಪ್ರೋಟೀನ್ ಬಳಸುತ್ತಾರೆ. ಈ ಕ್ರೀ ಇರುವ ಕೆಲವು ಹೆಸರಾಂತ ಇಲಿಗಳನ್ನು ಮಾಡುವಾಗ, ಅದು ಚೆನ್ನಾಗಿ ಕೆಲಸ ಮಾಡಲಿ ಎಂದು ಮನುಷ್ಯರ ಬೆಳವಣಿಗೆ ಹಾರ್ಮೋನಿನ ಜೀನ್ ತುಣುಕೊಂದನ್ನೂ ಸೇರಿಸಿದ್ದರು. ಆ ತುಣುಕು ಸುಮ್ಮನಿರುತ್ತದೆ ಎಂದು ಎಲ್ಲರೂ ನಂಬಿದ್ದರು.

ಅದು ಸುಮ್ಮನಿರಲಿಲ್ಲ. ಬೀಟಾ ಕೋಶಗಳು ಮನುಷ್ಯರ ಬೆಳವಣಿಗೆ ಹಾರ್ಮೋನನ್ನು ನಿಜವಾಗಿಯೂ ತಯಾರಿಸುತ್ತಿವೆ ಎಂದು 2014ರ ಹೊತ್ತಿಗೆ ಬಯಲಾಯಿತು. ಆ ಹಾರ್ಮೋನ್ ಪ್ರೊಲಾಕ್ಟಿನ್ ಅನ್ನುವ ಇನ್ನೊಂದು ಹಾರ್ಮೋನಿಗಾಗಿ ಇಲಿಯ ಕೋಶದಲ್ಲಿರುವ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಫಲವಾಗಿ ಗಂಡು ಇಲಿಯ ಐಲೆಟ್‌ನಲ್ಲೂ ಗರ್ಭಿಣಿ ಇಲಿಯಲ್ಲಿ ಆಗುವಂಥ ಬದಲಾವಣೆಗಳು ಶುರುವಾಗಿದ್ದವು. ಕೋಶದಲ್ಲಿ ಇನ್ಸುಲಿನ್ ದಾಸ್ತಾನು ಹೆಚ್ಚಿತ್ತು. ಕೆಲವು ತಳಿಗಳಲ್ಲಿ ಗ್ಲುಕೋಸ್‌ಗೆ ಸ್ಪಂದಿಸಿ ಸ್ರವಿಸುವುದು ಕಡಿಮೆಯಾಗಿತ್ತು. ಕ್ರೀ ಮಾತ್ರ ಇರುವ, ಜೀನ್ ತೆಗೆಯದ ಇಲಿಗಳನ್ನೂ ಹೋಲಿಕೆಗೆ ಇಟ್ಟುಕೊಳ್ಳದ ಹಳೆಯ ಅಧ್ಯಯನಗಳನ್ನು ಈಗ ಮತ್ತೆ ಅನುಮಾನದಿಂದ ನೋಡಬೇಕಾಗಿದೆ.

## ಸತುವಿನ ಜೀನ್: ಇಲಿ ಹೇಳಿದ್ದೊಂದು, ಮನುಷ್ಯ ಹೇಳಿದ್ದೊಂದು

ಇಲಿ ಪ್ರಯೋಗದ ವಿರೋಧಿಗಳ ಕೈಗೆ ಸಿಕ್ಕ ಗಟ್ಟಿ ಉದಾಹರಣೆ ಎಸ್‌ಎಲ್‌ಸಿ30ಎ8. ಇನ್ಸುಲಿನ್ ಚೀಲದೊಳಗೆ ಸತುವನ್ನು, ಅಂದರೆ ಜಿಂಕ್ ಅನ್ನು, ಸಾಗಿಸುವ ಪ್ರೋಟೀನಿನ ಜೀನ್ ಇದು. ಚೀಲದಲ್ಲಿ ಇನ್ಸುಲಿನ್ ಒತ್ತಾಗಿ ಕೂರಲು ಸತು ಬೇಕು. ಈ ಜೀನಿನ ಒಂದು ರೂಪಕ್ಕೂ ಟೈಪ್ 2 ಸಕ್ಕರೆ ಕಾಯಿಲೆಗೂ ನಂಟಿದೆ ಎಂದು 2007ರಲ್ಲಿ ಗೊತ್ತಾಯಿತು.

ಹಲವು ಲ್ಯಾಬ್‌ಗಳು ಇಲಿಯಲ್ಲಿ ಈ ಜೀನನ್ನು ಕೆಡಿಸಿ ನೋಡಿದವು. ಕೆಲವು ಕಡೆ ಇಲಿಯ ಸಕ್ಕರೆ ನಿಯಂತ್ರಣ ಹದಗೆಟ್ಟಿತು, ಕೆಲವು ಕಡೆ ಹೆಚ್ಚೇನೂ ಆಗಲಿಲ್ಲ. ತಳಿ, ವಯಸ್ಸು, ಗಂಡೋ ಹೆಣ್ಣೋ, ಏನು ತಿನ್ನಿಸಿದರು ಎನ್ನುವುದರ ಮೇಲೆ ಉತ್ತರ ಬದಲಾಗುತ್ತಿತ್ತು. ಒಟ್ಟಾರೆ ಅಭಿಪ್ರಾಯ ಮಾತ್ರ, ಈ ಜೀನ್ ಕೆಟ್ಟರೆ ಒಳ್ಳೆಯದಲ್ಲ ಅನ್ನುವ ಕಡೆಗೇ ವಾಲಿತ್ತು.

2014ರಲ್ಲಿ ಲೆಕ್ಕ ತಲೆಕೆಳಗಾಯಿತು. ಸುಮಾರು 1,50,000 ಜನರ ಜೀನ್ ಪರೀಕ್ಷಿಸಿದಾಗ, ಈ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿರುವವರಿಗೆ ಟೈಪ್ 2 ಸಕ್ಕರೆ ಕಾಯಿಲೆಯ ಅಪಾಯ ಶೇ 65ರಷ್ಟು ಕಡಿಮೆ ಎಂದು ಕಂಡುಬಂತು. ಇಲಿಯನ್ನು ನಂಬಿ ಈ ಜೀನಿನ ಕೆಲಸ ಹೆಚ್ಚಿಸುವ ಔಷಧ ಹುಡುಕಲು ಹೊರಟಿದ್ದರೆ ದಾರಿ ಪೂರ್ತಿ ಉಲ್ಟಾ ಆಗುತ್ತಿತ್ತು.

ಇಲ್ಲಿಗೆ ನಿಲ್ಲಿಸುವವರು ಮುಂದಿನ ಭಾಗವನ್ನು ಹೇಳುವುದಿಲ್ಲ. 2018ರಲ್ಲಿ ಇಲಿಯ ಜೀನನ್ನು ಪೂರ್ತಿ ಕಿತ್ತುಹಾಕುವ ಬದಲು, ಮನುಷ್ಯರಲ್ಲಿ ಕಂಡ ಅದೇ ಸಣ್ಣ ಬದಲಾವಣೆಯನ್ನು ಇಲಿಯಲ್ಲಿ ತಂದು ನೋಡಿದರು. ಸಕ್ಕರೆ ಏರುವಂತೆ ಒತ್ತಡ ಹಾಕಿದಾಗ ಆ ಇಲಿಗಳು ಹೆಚ್ಚು ಇನ್ಸುಲಿನ್ ಸ್ರವಿಸಿದವು, ಮನುಷ್ಯರ ಅಂಕಿಗೆ ಹೊಂದುವಂತೆ. ಅಂದರೆ ಇಲಿಗೆ ಕೇಳಿದ ಪ್ರಶ್ನೆಯೇ ಮೊದಲು ಸರಿಯಿರಲಿಲ್ಲ.

## ಹಾಗಾದರೆ ಇಲಿ ಬೇಕೇ?

ಬೇಡ ಅನ್ನುವವರ ವಾದಕ್ಕೆ ಈಗ ಬಲ ಬಂದಿದೆ. 2024ರಲ್ಲಿ ಪ್ರಕಟವಾದ ಅಧ್ಯಯನವೊಂದು 25 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಸೇರಿಸಿ, ಟೈಪ್ 2 ಸಕ್ಕರೆ ಕಾಯಿಲೆಗೆ ನಂಟಿರುವ 611 ಜಾಗಗಳನ್ನು ಮನುಷ್ಯರ ಜೀನೋಮ್‌ನಲ್ಲೇ, ಅಂದರೆ ಇಡೀ ಡಿಎನ್‌ಎಯಲ್ಲೇ, ಗುರುತಿಸಿದೆ. ಮನುಷ್ಯರಲ್ಲೇ ಇಷ್ಟು ಸಿಗುವಾಗ ಇಲಿಯ ಹಂಗೇಕೆ ಎನ್ನುವುದು ಅವರ ಪ್ರಶ್ನೆ. ಟೈಪ್ 1 ವಿಷಯದಲ್ಲಂತೂ ಅನುಭವ ಕಹಿ. ತಾನಾಗಿಯೇ ಟೈಪ್ 1 ಬರುವ ಎನ್‌ಒಡಿ ತಳಿಯ ಇಲಿಯಲ್ಲಿ ಕಾಯಿಲೆ ತಡೆದ ಉಪಾಯಗಳು ನೂರಕ್ಕೂ ಹೆಚ್ಚು, ಮನುಷ್ಯರಲ್ಲಿ ಗೆದ್ದವು ಬಹಳ ಕಡಿಮೆ.

ಬೇಕು ಅನ್ನುವವರೂ ಬರಿಗೈಯಲ್ಲಿಲ್ಲ. ಕೆ-ಎಟಿಪಿ ಚಾನೆಲ್ ಸದಾ ತೆರೆದೇ ಇರುವಂತೆ ಮಾಡಿದ ಇಲಿಮರಿಗಳಿಗೆ ಹುಟ್ಟಿದ ಕೂಡಲೇ ತೀವ್ರ ಸಕ್ಕರೆ ಕಾಯಿಲೆ ಬರುತ್ತದೆ ಎಂದು 2000ದಲ್ಲೇ ವರದಿಯಾಗಿತ್ತು. ನಾಲ್ಕು ವರ್ಷದ ಬಳಿಕ, ಹುಟ್ಟಿನಿಂದಲೇ ಸಕ್ಕರೆ ಕಾಯಿಲೆ ಇರುವ ಮಕ್ಕಳಲ್ಲಿ ಅದೇ ಚಾನೆಲ್‌ನ ಜೀನ್ ಬದಲಾಗಿರುವುದು ಪತ್ತೆಯಾಯಿತು. ಈ ಚಾನೆಲ್ ಮುಚ್ಚುವ ಸಲ್ಫೊನೈಲ್‌ಯೂರಿಯಾ ಮಾತ್ರೆ ಬಹಳ ಹಿಂದಿನಿಂದಲೂ ಇತ್ತು. 2006ರ ಅಧ್ಯಯನದಲ್ಲಿ ಇಂಥ 49 ರೋಗಿಗಳಿಗೆ ಆ ಮಾತ್ರೆ ಕೊಟ್ಟಾಗ 44 ಮಂದಿ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನೇ ನಿಲ್ಲಿಸಿದರು.

ಮನುಷ್ಯರ ಜೀನೋಮ್ ಅಧ್ಯಯನಕ್ಕೂ ಒಂದು ಮಿತಿ ಇದೆ. ಅದು ಜಾಗ ತೋರಿಸುತ್ತದೆ, ಅಲ್ಲಿ ಯಾವ ಜೀನ್ ಏನು ಮಾಡುತ್ತಿದೆ ಎಂದು ಹೇಳುವುದಿಲ್ಲ. ಬದುಕಿರುವ ಮನುಷ್ಯರ ಪ್ಯಾಂಕ್ರಿಯಾಸ್‌ನಿಂದ ಐಲೆಟ್ ತೆಗೆದು ಅಳೆಯಲು ಸಾಮಾನ್ಯವಾಗಿ ಆಗದು. ತೀರಿಕೊಂಡ ದಾನಿಗಳಿಂದ ಸಿಗುವುದು ಕಡಿಮೆ, ಅವರ ಆಹಾರ, ವಯಸ್ಸು, ಔಷಧ ಎಲ್ಲ ಬೇರೆ ಬೇರೆ.

ಎರಡೂ ಬಣ ಬಿಟ್ಟು ನೋಡಿದರೆ, ಗಟ್ಟಿಯಾದ ವಾದ ಮೂರನೆಯದು. ಒಂದೇ ತಳಿಯನ್ನು ನೆಚ್ಚಿಕೊಂಡದ್ದು ತಪ್ಪು, ಹಾಗಾಗಿ ವೈವಿಧ್ಯವನ್ನೇ ಪ್ರಯೋಗದೊಳಗೆ ತನ್ನಿ ಅನ್ನುವುದು. ಎಂಟು ತಳಿಗಳನ್ನು ಪೀಳಿಗೆಗಳ ಕಾಲ ಬೆರೆಸಿ ಮಾಡಿದ ‘ಡೈವರ್ಸಿಟಿ ಔಟ್‌ಬ್ರೆಡ್’ ಇಲಿಗಳಿವೆ. ಅವುಗಳಲ್ಲಿ ಯಾವ ಎರಡು ಇಲಿಯೂ ಒಂದೇ ಥರ ಇರುವುದಿಲ್ಲ, ಮನುಷ್ಯರಂತೆಯೇ. ವಿಸ್ಕಾನ್ಸಿನ್ ತಂಡ ಇಂಥ 483 ಇಲಿಗಳಿಂದ 2,33,447 ಐಲೆಟ್‌ಗಳನ್ನು ಬಿಡಿಸಿ ತೆಗೆಯಿತು. ಮೇಲೆ ಹೇಳಿದ ಒಂದೊಂದಾಗಿ ಆರಿಸುವ ಕೆಲಸವನ್ನು ನೆನೆದರೆ ಈ ಸಂಖ್ಯೆಯ ತೂಕ ಗೊತ್ತಾಗುತ್ತದೆ. 2019ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಇನ್ಸುಲಿನ್ ಸ್ರಾವದ ಪ್ರಮಾಣ ಇಲಿಯಿಂದ ಇಲಿಗೆ ಸಾವಿರ ಪಟ್ಟಿಗೂ ಮೀರಿ ಬದಲಾಗುತ್ತಿತ್ತು. ಯಾವ ಇಲಿಗೂ ಸಕ್ಕರೆ ಕಾಯಿಲೆ ಇರಲಿಲ್ಲ! ಗ್ಲುಕೋಸ್ ಕೊಟ್ಟಾಗ ಮುಖ್ಯವಾದ ಜೀನ್ ಜಾಗಗಳೇ ಬೇರೆ, ಬೇರೆ ಪ್ರಚೋದಕ ಕೊಟ್ಟಾಗ ಮುಖ್ಯವಾದವೇ ಬೇರೆ, ಕೆಲವು ಮಾತ್ರ ಎರಡಕ್ಕೂ ಸೇರಿದವು. ಇಂಥ ಹಲವು ಜಾಗಗಳಿಗೆ ಮನುಷ್ಯರ ಜೀನೋಮ್‌ನಲ್ಲಿ ಹೊಂದುವ ಜಾಗಗಳೂ ಸಕ್ಕರೆ ಕಾಯಿಲೆಗೆ ನಂಟಿರುವವೇ ಆಗಿದ್ದವು.

## ಮುಂದೆ ಏನಾಗಬಹುದು

ಮೊದಲು ಬದಲಾಗುವುದು ಲ್ಯಾಬ್‌ನ ಶಿಸ್ತು. ಜೆ, ಎನ್ ಥರದ ಉಪತಳಿಯ ಹೆಸರು ಪೂರ್ತಿ ಬರೆಯುವುದು, ಒಂದೇ ತಾಯಿಯ ಮರಿಗಳನ್ನು ಹೋಲಿಕೆಗೆ ಇಟ್ಟುಕೊಳ್ಳುವುದು, ಗಂಡಿನ ಜೊತೆ ಹೆಣ್ಣನ್ನೂ ಪರೀಕ್ಷಿಸುವುದು ನಿಧಾನಕ್ಕೆ ರೂಢಿಯಾಗುತ್ತಿದೆ. ಇದರಿಂದ ‘ಜೀನ್ ಪತ್ತೆ’ ಸುದ್ದಿಗಳು ಕಡಿಮೆಯಾಗಬಹುದು, ಉಳಿದವು ಹೆಚ್ಚು ಕಾಲ ನಿಲ್ಲಬಹುದು. ಖರ್ಚಂತೂ ಏರುತ್ತದೆ. ಒಂದೇ ತಳಿಯ ಹತ್ತಿಪ್ಪತ್ತು ಇಲಿಗಳಲ್ಲಿ ಮುಗಿಯುತ್ತಿದ್ದ ಪ್ರಯೋಗಕ್ಕೆ ಈಗ ನೂರಾರು ಬೇಕು. ಪ್ರಾಣಿಗಳ ಸಂಖ್ಯೆ ಇಳಿಸಿ ಅನ್ನುವ ಸರ್ಕಾರಿ ನೀತಿಗೂ, ವೈವಿಧ್ಯ ಬೇಕು ಅನ್ನುವ ಈ ದಾರಿಗೂ ತಿಕ್ಕಾಟ ಬರುವುದು ಖಚಿತ.

ಇಲಿಯಿಂದ ಶುರುವಾಗಿ ಮನುಷ್ಯರ ಕೋಶದಲ್ಲಿ ಪರೀಕ್ಷೆಗೆ ಒಳಪಡುವ ಎರಡು ಹಂತದ ಕ್ರಮವೇ ಸದ್ಯಕ್ಕೆ ಬೆಳೆಯುವಂತೆ ಕಾಣುತ್ತದೆ. ಆ 483 ಇಲಿಗಳ ಅಧ್ಯಯನದಿಂದ ಹೊರಬಂದ ಜೀನುಗಳಲ್ಲಿ ಜೆಡ್‌ಎಫ್‌ಪಿ148 ಒಂದು. ಅದನ್ನು ಬೀಟಾ ಕೋಶದಲ್ಲಿ ತೆಗೆದ ಇಲಿಗಳ ಸಕ್ಕರೆ ನಿಯಂತ್ರಣ ಸುಧಾರಿಸಿತು. ಆಮೇಲೆ ಮನುಷ್ಯರಲ್ಲಿ ಅದಕ್ಕೆ ಸಮನಾದ ಜೆಡ್‌ಎನ್‌ಎಫ್148 ಅನ್ನು ಮನುಷ್ಯರ ಸ್ಟೆಮ್ ಸೆಲ್‌ನಿಂದ ಬೆಳೆಸಿದ ಬೀಟಾ ಕೋಶಗಳಲ್ಲಿ ತೆಗೆದು ನೋಡಿದರು. ಅಲ್ಲೂ ಇನ್ಸುಲಿನ್ ಸ್ರಾವ ಹೆಚ್ಚಾಯಿತು. ಇದು ಔಷಧವಾಗಲು ಇನ್ನೂ ಬಹಳ ದೂರ ಇದೆ. ಹುಟ್ಟಿನಿಂದ ಬರುವ ಸಕ್ಕರೆ ಕಾಯಿಲೆಗೆ ಮಾತ್ರೆ ಅಷ್ಟು ಬೇಗ ಒದಗಿದ್ದು, ಅದು ಆಗಲೇ ಅಂಗಡಿಯಲ್ಲಿ ಇದ್ದುದರಿಂದ. ಈ ಜೀನಿಗೆ ಅಂಥ ತಯಾರಾದ ಮಾತ್ರೆ ಯಾವುದೂ ಇಲ್ಲ. ಜೊತೆಗೆ ಇದು ಬೇರೆ ಜೀನುಗಳನ್ನು ಆಳುವ ಪ್ರೋಟೀನ್ ಆದ್ದರಿಂದ, ಬೀಟಾ ಕೋಶದಲ್ಲಿ ಮಾತ್ರ ಅದನ್ನು ತಡೆದು ಉಳಿದ ಅಂಗಗಳಲ್ಲಿ ಮುಟ್ಟದೆ ಬಿಡುವುದು ಹೇಗೆ ಅನ್ನುವುದೇ ಮುಂದಿನ ಪ್ರಶ್ನೆ.